ಓತಿಸೂಜಿಯ ಶ್ರಾವಣ

ಗುಳೇದಗುಡ್ಡದಲ್ಲಿ ಪುರಾಣದ ರಾಚಯ್ಯನವರನ್ನು ಅರಿಯದವರಿರಲಿಲ್ಲ. ಅದಕ್ಕೆ ಅವರ ಕಂಠ ಒಂದು ಕಾರಣ, ಹೊಟ್ಟೆ ಇನ್ನೊಂದು. ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ಕುಳಿತು ಗುಡ್ಡದ ಮರಿಸ್ವಾಮಿಯ ಪುರಾಣವನ್ನು ಅವರು ಎತ್ತಿಕೊಂಡರೆ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ನಿಲ್ಲುತ್ತಿತ್ತು. ಓದಿ ಮುಗಿಸಿ ಪ್ರಸಾದಕ್ಕೆ ಕುಳಿತರೆ ಬಡಿಸುವವರ ಕೈ ನಿಲ್ಲುವ ಹಾಗಿರಲಿಲ್ಲ.

ಪುರಾಣ ಓದುವವರು ತಿಂಗಳಿಡೀ ಒಪ್ಪೊತ್ತು ಉಣ್ಣಬೇಕೆಂಬುದು ಮಠದ ಪದ್ಧತಿ. ರಾಚಯ್ಯನವರು ಪ್ರತಿ ವರ್ಷವೂ ಕಣ್ಣುಮುಚ್ಚಿ ಸಂಕಲ್ಪ ಮಾಡುತ್ತಿದ್ದರು. ಅದು ಸುಳ್ಳು ಸಂಕಲ್ಪವಲ್ಲ, ಮನಸ್ಸಿಟ್ಟೇ ಮಾಡಿದ್ದು. ಆದರೆ ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಕಟಕು ರೊಟ್ಟಿ ಮುರಿಯುವ ಸದ್ದು ಕೇಳಿಯೇ ಕೇಳುತ್ತಿತ್ತು.

"ಹೆಗ್ಗಣ ಬಂದೈತೇನ್ರಿ ಒಳಗ?" ಎಂದು ಅವರ ಹೆಂಡತಿ ಬಸಲಿಂಗಮ್ಮ ದೇವರ ಮುಂದಿನಿಂದಲೇ ಕೇಳುವರು.

"ಹೂಂ," ಎಂದು ಹೆಗ್ಗಣವೇ ಬಾಯಿ ತುಂಬಿಕೊಂಡು ಉತ್ತರ ಕೊಡುತ್ತಿತ್ತು.

ನಗುವವರು ನಗಲಿ. ರಾಚಯ್ಯನವರಿಗೆ ಅದು ಒಳಗೊಳಗೇ ಚುಚ್ಚುವ ಮುಳ್ಳಾಗಿತ್ತು. ಮರಿಸ್ವಾಮಿ ಎಲೆ ತಿಂದು ತಪಸ್ಸು ಮಾಡಿದ ಸಂಧಿಯನ್ನು ಓದುವಾಗ, ಬೆಣ್ಣೆ ಹಚ್ಚಿದ ರೊಟ್ಟಿಯ ತೇಗು ನಡುವೆ ಬಂದರೆ ಯಾವ ಮುಖ ಎತ್ತಿ ಜನರನ್ನು ನೋಡುವುದು?

ಆ ವರ್ಷ ಊರ ಹೊರಗಿನ ಕೆಂಪು ಗುಡ್ಡದ ಬುಡದಲ್ಲಿ ಒಂದು ಸಂಶೋಧನಾಲಯ ಎದ್ದಿತ್ತು. ಅದರ ಮುಖ್ಯಸ್ಥೆ ಡಾಕ್ಟರ್ ಮೆಹರಬಾನು ಬಾಗವಾನ ಇದೇ ಊರಿನ ಹುಡುಗಿ. ಅವಳ ಅಪ್ಪ ಸಂತೆಯ ಮೂಲೆಯಲ್ಲಿ ಬಾಳೆಹಣ್ಣು ಮಾರುವಾಗ ತಕ್ಕಡಿಯ ಮಗ್ಗುಲಲ್ಲಿ ಕುಳಿತು, ಎದುರು ಗೋಡೆಯ ಓತಿಕ್ಯಾತನನ್ನು ನೋಡುತ್ತ ಬೆಳೆದವಳು. ಬಿಸಿಲಿಗೆ ಬಂದು ಚುರುಕಾಗುವ, ನೆರಳಿಗೆ ಸರಿದು ಮಂಕಾಗುವ ಆ ಪ್ರಾಣಿಯಿಂದ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಉಳಿದುಬಿಟ್ಟಿತ್ತು: ಮನುಷ್ಯನ ಮೈಯೊಳಗಿನ ಒಲೆಯನ್ನು ಕೆಲವು ದಿನ ಆರಿಸಿಟ್ಟರೆ ಏನಾದೀತು? ಚಂದ್ರನ ಮೇಲೆ ಊರು ಕಟ್ಟಲು ಹೊರಟವರಿಗೆ ಬುತ್ತಿಯ ಭಾರವೇ ದೊಡ್ಡ ತೊಡಕಾಗಿದ್ದ ಕಾಲ ಅದು. ಅವಳ ಪ್ರಶ್ನೆಗೆ ಸರಕಾರ ಕಟ್ಟಡವನ್ನೇ ಕಟ್ಟಿಕೊಟ್ಟಿತು. ಅವಳು ಸಿದ್ಧಮಾಡಿದ ಮದ್ದಿಗೆ ಉದ್ದನೆಯ ಹೆಸರೊಂದಿತ್ತು. ಊರವರು ಅದನ್ನು ಓತಿಸೂಜಿ ಎಂದರು.

ಸೂಜಿ ಚುಚ್ಚಿಸಿಕೊಳ್ಳಲು ಆರೋಗ್ಯವಂತರು ಬೇಕೆಂಬ ಸುದ್ದಿ ಕೇಳಿ, ಶ್ರಾವಣಕ್ಕೆ ಮೊದಲು ರಾಚಯ್ಯನವರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಅಲ್ಲಿಗೆ ಹೋದರು.

"ಅಯ್ಯಾರ, ನೀವು ಹತ್ತು ರೊಟ್ಟಿ ತಿಂತೀರಿ ಅಂತ ತಿಳೀರಿ," ಎಂದಳು ಮೆಹರಬಾನು.

"ತಿಳಿಯೂದೇನ್ ಬಂತು ತಂಗಿ. ತಿಂತೀನಿ."

"ಅದರಾಗ ಏಳೆಂಟು ರೊಟ್ಟಿ ಬರೇ ಮೈ ಬೆಚ್ಚಗಿಡಾಕ ಉರದು ಹೋಗ್ತಾವು. ಉಳಿದ ಎರಡರಾಗ ನೀವು ನಡದಾಡೂದು, ಓದೂದು, ಎಲ್ಲಾ. ಓತಿಕ್ಯಾತಗ ಆ ಒಲಿನ ಇಲ್ಲ. ಬಿಸಲಾಗ ಕುಂತು ಮೈ ಕಾಸಿಕೊಂತೈತಿ. ಹಂಗಾಗಿ ಒಂದು ಹುಳ ಸಿಕ್ರ ಅದಕ್ಕ ಎಷ್ಟೋ ದಿನ ನಡೀತೈತಿ. ಈ ಸೂಜಿ ನಿಮ್ಮ ಒಲಿ ಒಂದು ತಿಂಗಳಕ್ಕಿಂತ ಹೆಚ್ಚಿಗಿ ಆರಸ್ತೈತಿ. ನಾಕೈದು ದಿನಕ್ಕೊಮ್ಮೆ ಒಂದೆರಡು ರೊಟ್ಟಿ ಸಾಕು."

'ಸಾಕು' ಎಂಬ ಮಾತಿಗೆ ರಾಚಯ್ಯನವರ ಕಣ್ಣು ತೇವವಾಯಿತು. ಜೀವಮಾನದಲ್ಲಿ ಅವರು ಆ ಮಾತನ್ನು ರೊಟ್ಟಿಗೆ ಸೇರಿಸಿ ಕೇಳಿದ್ದು ಅದೇ ಮೊದಲು. ಆಮೇಲೆ ಡಾಕ್ಟರು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಅವಳು ಹೇಳಿದ್ದು ಇಷ್ಟು: ಮೈಯ ಬಿಸಿ ಇನ್ನು ಹೊರಗಿನ ಬಿಸಿ ಇದ್ದಂತೆ. ತಂಪಾದರೆ ಕೈಕಾಲು, ಮಾತು, ಯೋಚನೆ ಎಲ್ಲವೂ ನಿಧಾನ, ಕಾದರೆ ಎಲ್ಲವೂ ಚುರುಕು. ಹತ್ತು ಡಿಗ್ರಿ ಏರಿದರೆ ಓಟ ಇಮ್ಮಡಿ, ಇಳಿದರೆ ಅರ್ಧ.

"ತಿಳೀತೇನ್ರಿ ಅಯ್ಯಾರ?"

"ಎಲ್ಲಾ ತಿಳೀತು," ಎಂದು ಅವರು ತೋಳು ಮುಂದೆ ಮಾಡಿದರು.

ಮನೆಯಲ್ಲಿ ಸುದ್ದಿ ಕೇಳಿದ ಬಸಲಿಂಗಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿದರು.

"ಹಸಿವಿ ಇದ್ದು ತಡಕೊಳ್ಳೂದಕ್ಕ ಉಪಾಸ ಅಂತಾರ. ಹಸಿವೇ ಇಲ್ಲದ್ದು ಉಪಾಸ ಹೆಂಗಾದೀತು? ನಮ್ಮ ಅಟ್ಟದ ಮ್ಯಾಲಿನ ಟ್ರಂಕೂ ಇಪ್ಪತ್ತು ವರ್ಷದಿಂದ ಏನೂ ತಿಂದಿಲ್ಲ. ಅದರ ಪಾದ ಹಿಡೀಲೇನು?"

"ನಿನಗ ಭಕ್ತಿ ಗೊತ್ತಿಲ್ಲ."

"ನನಗ ಟ್ರಂಕು ಗೊತ್ತೈತಿ," ಎಂದು ಅವರು ಮತ್ತೆ ಹಿಟ್ಟಿಗೆ ಕೈ ಹಾಕಿದರು.

ಸೂಜಿ ಹತ್ತಿದ ಮೊದಲ ಮುಂಜಾನೆ ರಾಚಯ್ಯನವರು ಎಚ್ಚರಗೊಂಡಾಗ ಜಗತ್ತಿಗೆ ಏನೋ ಆಗಿತ್ತು. ಹೆಂಡತಿ ಹೊಸ್ತಿಲಿಂದ ಒಲೆಗೆ, ಒಲೆಯಿಂದ ಬಚ್ಚಲಿಗೆ ಮಿಂಚುಳ್ಳಿಯಂತೆ ಹಾರಾಡುತ್ತಿದ್ದರು. ಅವರ ಮಾತು ಜೀರುಂಡೆಯ ಕಿರಿಕಿರಿಯಂತೆ ಕೇಳುತ್ತಿತ್ತು. ಬೀದಿಯಲ್ಲಿ ಎಮ್ಮೆಗಳು ಓಡೋಡಿ ಮೇಯಲು ಹೋಗುತ್ತಿದ್ದವು. ಗುಳೇದಗುಡ್ಡದ ಎಮ್ಮೆಗಳು ಎಂದೂ ಓಡಿದವಲ್ಲ. 'ಎಲ್ಲರಿಗೂ ಇಷ್ಟು ಅವಸರ ಯಾಕೋ' ಎಂದುಕೊಳ್ಳುತ್ತ ಅವರು ಎದ್ದು ಕುಳಿತರು.

ಬಸಲಿಂಗಮ್ಮ ಕಂಡದ್ದೇ ಬೇರೆ. ಗಂಡ ಕಣ್ಣು ತೆರೆದಾಗ ಅವರು ಅಂಗಳಕ್ಕೆ ನೀರು ಹಾಕಲು ಹೋಗಿದ್ದರು. ರಂಗೋಲಿ ಮುಗಿಸಿ ಬಂದರೂ ಗಂಡನ ತಲೆ ದಿಂಬಿನಿಂದ ಗೇಣಷ್ಟೇ ಮೇಲೆದ್ದಿತ್ತು. ಕೊನೆಗೆ ಅವರು ಹಾಸಿಗೆಯ ಸಮೇತ ಗಂಡನನ್ನು ಅಂಗಳದ ಬಿಸಿಲಿಗೆ ಎಳೆದರು, ಹಪ್ಪಳ ಒಣಗಲು ಇಟ್ಟಂತೆ. ಬಿಸಿಲು ಏರಿದಂತೆ ಅಯ್ಯನವರ ಕೈ ಬಂತು, ಕಾಲು ಬಂತು, ಬಹಳ ಹೊತ್ತಿನಿಂದ ದಾರಿಯಲ್ಲಿದ್ದ ಆಕಳಿಕೆಯೂ ಬಂದು ತಲುಪಿತು.

ಮರುದಿನದಿಂದ ಅವರೇ ಹೊತ್ತು ಮೂಡುವಾಗ ಗುಡ್ಡದ ಕೆಂಪು ಬಂಡೆಯ ಮೇಲೆ ಹೋಗಿ ಕುಳಿತರು. ಪಕ್ಕದ ಬಂಡೆಯ ಮೇಲೊಂದು ಓತಿಕ್ಯಾತ. ಅದು ತಲೆಯಾಡಿಸಿತು. ಸಭ್ಯರಾದ ರಾಚಯ್ಯನವರೂ ತಲೆಯಾಡಿಸಿದರು. ಮೈ ಕಾಯುವವರೆಗೆ ಇಬ್ಬರ ನಡುವೆ ಬೇರೆ ಮಾತಿಲ್ಲ. ಮೊದಲು ತಲೆಯನ್ನು ಬಿಸಿಲಿಗೆ ಕೊಟ್ಟು ಮೈಯನ್ನು ಬಿರುಕಿನಲ್ಲಿಟ್ಟುಕೊಳ್ಳುವುದು, ಕಾದ ಮೇಲೆ ಹೊಟ್ಟೆಯನ್ನು ಬಂಡೆಗೆ ಒತ್ತುವುದು, ಅತಿಯಾದರೆ ನೆರಳಿಗೆ ಸರಿಯುವುದು, ಈ ಕ್ರಮವನ್ನೆಲ್ಲ ಅವರು ಅದನ್ನು ನೋಡಿಯೇ ಕಲಿತರು.

ಶ್ರಾವಣದ ಮೊದಲ ವಾರ ಮಳೆ ಮುಖ ತೋರಿಸಲಿಲ್ಲ. ಹಗಲೆಲ್ಲ ಕಾದ ಮಠದ ಕಲ್ಲು ಸಂಜೆಗೂ ಬೆಚ್ಚಗಿರುತ್ತಿತ್ತು. ರಾಚಯ್ಯನವರ ಓದು ಎಂದಿನಂತೆ ಸಾಗಿತು. ಉಪವಾಸವಂತೂ ಊರಿನ ಬಾಯಿಮಾತಾಯಿತು. ಪ್ರಸಾದದ ಪಂಕ್ತಿಯಲ್ಲಿ ಅವರು ಹೋಳಿಗೆಯನ್ನು ಮೂಸಿಯೂ ನೋಡದೆ ಎದ್ದಾಗ ಬಡಿಸುವವರು ಹೆದರಿ ಸೌಟು ಕೆಳಗಿಟ್ಟರು.

"ಏನ್ ನಿಗ್ರಹ, ಏನ್ ನಿಗ್ರಹ," ಎಂದು ಮಠದ ಕಮಿಟಿಯ ಅಧ್ಯಕ್ಷ, ಕುಪ್ಪಸದ ಖಣದ ವ್ಯಾಪಾರಿ ಮುರಿಗೆಪ್ಪ ಸಾವಕಾರರು ಕೈ ಮುಗಿದರು.

ಹೆಂಗಸರ ಸಾಲಿನಲ್ಲಿದ್ದ ಬಸಲಿಂಗಮ್ಮ ಪಕ್ಕದವಳಿಗೆ, "ನಮ್ಮ ಟ್ರಂಕಿನಂಗ," ಎಂದರು. ಪಕ್ಕದವಳಿಗೆ ಅರ್ಥವಾಗಲಿಲ್ಲ.

ಎರಡನೆಯ ವಾರ ಮಳೆ ಹಿಡಿಯಿತು. ಗಾಳಿ ತಣ್ಣಗಾಯಿತು, ಕಟ್ಟೆಯ ಕಲ್ಲು ತಣ್ಣಗಾಯಿತು, ಅದರ ಮೇಲಿನ ರಾಚಯ್ಯನವರೂ ತಣ್ಣಗಾದರು. ಒಂದು ಷಟ್ಪದಿಯ ಮೊದಲ ಪದಕ್ಕೂ ಎರಡನೆಯ ಪದಕ್ಕೂ ನಡುವೆ ತಬಲಾದ ಮಾನಪ್ಪ ಎರಡು ಸಲ ತಾಂಬೂಲ ಹಾಕಿಕೊಂಡ. ಮರಿಸ್ವಾಮಿಯನ್ನು ಹಿಡಿಯಲು ಹೊರಟ ಅರಸನ ದಂಡು ಒಂದೇ ಹೊಳೆಯ ದಂಡೆಯಲ್ಲಿ ಸಂಜೆಯೆಲ್ಲ ನಿಂತುಬಿಟ್ಟಿತು. ಮುದುಕರು ಕುಳಿತಲ್ಲೇ ನಿದ್ದೆ ಹೋದರು.

"ಅಯ್ಯಾರಿಗೆ ಥಂಡಿ ಹತ್ತೇತಿ," ಎಂದು ಯಾರೋ ಅಂದರು.

ಭಕ್ತಿ ಉಕ್ಕಿದರೆ ಶಾಲು ಹೊದಿಸುವುದು ಆ ಊರಿನವರಿಗೆ ರೂಢಿ. ಭಕ್ತಿಯೂ ಇದೆ, ಥಂಡಿಯೂ ಇದೆ ಎಂದರೆ ಕೇಳಬೇಕೆ. ಮುರಿಗೆಪ್ಪನವರು ಒಂದು ಶಾಲು ಹೊದಿಸಿದರು. ಅವರಿಗೆ ಸಡ್ಡು ಹೊಡೆಯಲು ಎಣ್ಣೆ ಗಾಣದವರು ಎರಡು ಹೊದಿಸಿದರು. ಆಮೇಲೆ ಸಾಲು ಹತ್ತಿತು. ಶಾಲು ಹೆಚ್ಚಿದಂತೆ ಅಯ್ಯನವರು ಇನ್ನೂ ನಿಧಾನವಾದರು, ನಿಧಾನವಾದಂತೆ ಜನ ಇನ್ನೂ ಹೊದಿಸಿದರು. ಕೊನೆಗೆ ಕಟ್ಟೆಯ ಮೇಲೆ ಉಳಿದದ್ದು ಬಣ್ಣಬಣ್ಣದ ಬಟ್ಟೆಯ ಒಂದು ಗುಡ್ಡೆ. ಅದರ ತುದಿಯಲ್ಲಿ ವಿಭೂತಿಯ ಹಣೆ, ತೆರೆದ ಬಾಯಿ. ಬಾಯಿಯಲ್ಲಿ ಅರ್ಧ ಅಕ್ಷರ.

ಯಾರೋ ಕರೆದದ್ದಕ್ಕೆ ಕೊಡೆ ಹಿಡಿದು ಓಡಿಬಂದ ಮೆಹರಬಾನು ಬಾಗಿಲಲ್ಲೇ ಹಣೆ ಬಡಿದುಕೊಂಡಳು.

"ಶಾಲು ತಗೀರಿ ಮೊದಲ. ಶಾಲಿಗೆ ಏನ್ ಬಿಸಿ ಐತ್ರಿ? ಒಳಗಿನ ಮನಿಷಾ ಬಿಸಿ ಹುಟ್ಟಿಸಿದ್ರ ಅದು ಹೊರಗ ಹೋಗದಂಗ ತಡೀತೈತಿ, ಅಷ್ಟ. ಇವರು ಬಿಸಿನ ಹುಟ್ಟಸಂಗಿಲ್ಲ. ಈಗ ಹೊರಗಿಂದ ಬರೂದನ್ನೂ ನೀವ ತಡದ್ರಿ. ಬರ್ಫ ಕರಗಬಾರದಂತ ಗೋಣಿಚೀಲ ಸುತ್ತತಾರಲ್ಲ, ಹಂಗಾತು ಇದು."

ಜನ ನಾಚಿ ಶಾಲು ಬಿಚ್ಚಿದರು. ಬಿಚ್ಚುವಾಗ ತಮ್ಮ ತಮ್ಮದನ್ನು ಗುರುತು ಹಿಡಿಯಲು ಸ್ವಲ್ಪ ಜಗಳವೂ ಆಯಿತು.

ಆ ತಪ್ಪನ್ನು ತಿದ್ದಲು ಹೋಗಿ ಮುರಿಗೆಪ್ಪನವರು ಅದಕ್ಕಿಂತ ದೊಡ್ಡ ತಪ್ಪು ಮಾಡಿದರು. ಮರುದಿನ ತಮ್ಮ ಅಂಗಡಿಯ ಗಾಜಿನ ಕಪಾಟಿಗೆ ಹಾಕಿದ ಕಾವೇರುವ ದೀಪಗಳನ್ನೆಲ್ಲ ತಂದು ಕಟ್ಟೆಯ ಸುತ್ತ ಹಚ್ಚಿಸಿದರು. ರಾಚಯ್ಯನವರು ಕಾದರು. ಕಾದು, ಪುರಾಣ ಎತ್ತಿಕೊಂಡರು.

ಹೊಳೆಯ ದಂಡೆಯಲ್ಲಿ ನಿಂತಿದ್ದ ದಂಡು ಒಂದೇ ನೆಗೆತಕ್ಕೆ ಹೊಳೆ ದಾಟಿತು. ಯುದ್ಧ ಶುರುವಾದದ್ದು ಕೆಲವರಿಗೆ ತಿಳಿಯಿತು, ಮುಗಿದದ್ದು ಯಾರಿಗೂ ತಿಳಿಯಲಿಲ್ಲ. ಅರಸ ಶರಣಾದ, ಅವನ ಮಗಳ ಮದುವೆಯಾಯಿತು, ಮೊಮ್ಮಗನ ತೊಟ್ಟಿಲು ತೂಗಿತು. ಮಾನಪ್ಪನ ಬೆರಳುಗಳು ಬದನೆಕಾಯಿಯಂತೆ ಬಾತುಕೊಂಡವು. ರಾಚಯ್ಯನವರ ಪಾಲಿಗಾದರೋ ಅದು ಹಾಯಾದ ಓದು. ಜನರೆಲ್ಲ ಜೇನಿನಲ್ಲಿ ಬಿದ್ದವರ ಹಾಗೆ ನಿಧಾನವಾಗಿ ಕಣ್ಣು ಪಿಳುಕಿಸುತ್ತಿದ್ದರು. ಮುರಿಗೆಪ್ಪನವರು ಎದ್ದು ಬಾಯಿ ತೆರೆದು "ನಿಲ್ಲಿಸ್ರಿ" ಎಂಬ ಮಾತನ್ನು ಪೂರ್ತಿ ಮಾಡುವುದರೊಳಗೆ ಇವರು ಇನ್ನೊಂದು ಸಂಧಿ ದಾಟಿದ್ದರು.

ಅರ್ಧ ತಿಂಗಳ ಪುರಾಣ ಅಂದು ಒಂದೇ ಸಂಜೆಗೆ ಮುಗಿದುಹೋಗಿತ್ತು. ಪ್ರತಿ ದಿನದ ಪ್ರಸಾದಕ್ಕೂ ಒಂದೊಂದು ಮನೆತನದವರು ಮೊದಲೇ ಹೆಸರು ಹಚ್ಚಿರುತ್ತಾರೆ.

"ನಮ್ಮ ಪಾಳಿ ದಿನ ಮರಿಸ್ವಾಮಿ ತಪಸ್ಸು ಬರಬೇಕಿತ್ತು," ಎಂದರು ಎಣ್ಣೆ ಗಾಣದವರು. "ತಪಸ್ಸು ನಿನ್ನೆನ ಆಗಿಹೋತು. ಈಗ ನಮ್ಮ ಮಾದಲಿ ಯಾವ ಸಂಧಿಗೆ ಬಡಸೂನು?"

ಓದಿದ್ದನ್ನೇ ಮತ್ತೆ ಓದುವುದೆಂದು ತೀರ್ಮಾನವಾಯಿತು. ಸತ್ತ ದಂಡಾಳುಗಳು ಎದ್ದರು, ದಂಡು ಹೊಳೆಯ ಈಚೆಗೆ ಮರಳಿತು.

ಮುರಿಗೆಪ್ಪನವರ ತಾಳ್ಮೆ ಅಲ್ಲಿಗೆ ಹರಿಯಿತು. ಅವರು ಹುಬ್ಬಳ್ಳಿಯ ಕಡೆಯಿಂದ ಒಂದು ಪೆಟ್ಟಿಗೆ ತರಿಸಿದರು. ಯಾವ ಪುರಾಣ ಹಾಕಿದರೂ ರಾಗವಾಗಿ ಓದುವ ಯಂತ್ರ ಅದು. ಪರೀಕ್ಷೆಗೆಂದು ಒಂದು ಸಂಧಿ ಓದಿಸಿದರು. ಅಕ್ಷರ ಸ್ಪಷ್ಟ, ಶ್ರುತಿ ಶುದ್ಧ. ಹುಟ್ಟಿಗೂ ಸಾವಿಗೂ ಒಂದೇ ನಡೆ.

"ಅಯ್ಯಾರ, ನಿಮ್ಮ ಮ್ಯಾಲೆ ನನಗೇನ್ ಸಿಟ್ಟಿಲ್ಲ," ಎಂದರು ಮುರಿಗೆಪ್ಪನವರು. "ಆದರ ಪುರಾಣ ಅಂದ್ರ ಊರ ಕೆಲಸ. ಪುರಾಣ ಮುಗಿಯೂ ಮಂಗಲದ ದಿನ ಸುತ್ತಿನ ಹಳ್ಳ್ಯಾಗಿನ ಮಂದಿ ಬರ್ತಾರ. ಅವತ್ತು ಓದು ನೆಟ್ಟಗಾದ್ರ ಮುಂದಿನ ವರ್ಷಾನೂ ಕಟ್ಟಿ ನಿಮ್ಮದ. ಇಲ್ಲಂದ್ರ ಪೆಟ್ಟಿಗೀನ ಕುಂದರ್ತೈತಿ. ಅದಕ್ಕ ಮಳಿ ಬಿಸಲು ಹತ್ತಂಗಿಲ್ಲ."

ಅಪ್ಪ ಕುಳಿತ ಕಟ್ಟೆ, ಅಜ್ಜ ಕುಳಿತ ಕಟ್ಟೆ. ರಾಚಯ್ಯನವರು ಮನೆಗೆ ಬಂದು ಒಲೆಯ ಮಗ್ಗುಲಲ್ಲಿ ಕುಳಿತರು. ಒಲೆಯ ಕಾವಿಗೆ ಮಾತು ಒಂದು ಹದಕ್ಕೆ ಬಂದ ಮೇಲೆ ಕೇಳಿದರು.

"ಖರೇ ಹೇಳು. ನಾ ಅಷ್ಟು ನಿಧಾನ ಓದಿದೆನೇನ?"

"ಓದಿದ್ರಿ."

"ಆಮ್ಯಾಲೆ ಅಷ್ಟು ಓಡಿಸಿದೆನೇನ?"

"ಹೂಂ."

"ನನಗ ಎರಡು ದಿನಾನೂ ಎಂದಿನಂಗ ಓದಿದಂಗ ಅನಸ್ತು ನೋಡು. ಒಂದಿನ ಕೇಳೋರಿಗೆ ಅವಸರಿತ್ತು, ಒಂದಿನ ಕೇಳೋರು ತೂಕಡಸ್ತಿದ್ರು." ಅವರು ಕೈ ನೋಡಿಕೊಂಡರು. "ನನ್ನ ಓದು ನನಗ ಕೇಳಸವಲ್ದು. ಕೈಯಾಗ ತಕ್ಕಡಿ ಐತಿ, ಮುಳ್ಳು ಕಾಣವಲ್ದು. ಹೆಂಗ ಕುಂದರಲಿ ಕಟ್ಟಿ ಮ್ಯಾಲೆ?"

ಬಸಲಿಂಗಮ್ಮ ರೊಟ್ಟಿ ತಿರುವಿ ಹಾಕಿದರು. ಟ್ರಂಕಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿದರು.

"ನನಗ ಕೇಳಸ್ತೈತಲ್ಲ," ಎಂದರು.

ಮರುದಿನ ಇಬ್ಬರೂ ಸಂಶೋಧನಾಲಯಕ್ಕೆ ಹೋದರು. ಸೂಜಿಯ ಗುಣ ಇಳಿಯಲು ಇನ್ನೂ ದಿನ ಬೇಕು, ಮಂಗಲ ಅದಕ್ಕಿಂತ ಮೊದಲೇ ಬರುತ್ತದೆ ಎಂದು ಮೆಹರಬಾನು ಲೆಕ್ಕ ಹಾಕಿ ಹೇಳಿದಳು. ಅವಳು ಸುಮ್ಮನೆ ಕುಳಿತಿರಲಿಲ್ಲ, ಒಂದು ಬಿಸಿಗದ್ದುಗೆ ಮಾಡಿಸಿದ್ದಳು. ಅದರ ಮೇಲೆ ಕುಳಿತವರ ಮೈ ಮಳೆಗೂ ಬಿಸಿಲಿಗೂ ಜಗ್ಗದೆ ಒಂದೇ ಕಾವಿನಲ್ಲಿ ನಿಲ್ಲುತ್ತಿತ್ತು. ರಾಚಯ್ಯನವರನ್ನು ಕೂಡಿಸಿ ಓದಿಸಿದಳು. ಓದು ನಿಧಾನವೂ ಆಗಲಿಲ್ಲ, ಓಡಲೂ ಇಲ್ಲ. ಪರದೆಯ ಮೇಲಿನ ಗೆರೆ ನೇಕಾರರ ಹಾಸಿನ ಎಳೆಯಂತೆ ನೆಟ್ಟಗೆ ಬಂತು.

"ಹೆಂಗೈತ್ರಿ ಅಮ್ಮಾರ?"

"ಚಂದ ಐತಿ," ಎಂದರು ಬಸಲಿಂಗಮ್ಮ. "ಯುದ್ಧದಾಗೂ ಅಷ್ಟ ಚಂದ, ತೊಟ್ಟಲದಾಗೂ ಅಷ್ಟ ಚಂದ."

"ಕಾವು ಬದಲಾಗಂಗಿಲ್ಲಲ್ರಿ. ಅದ ಇದರ ಹೆಚ್ಚಳ."

"ಹಂಗಾರ ಸಾವಕಾರ್ರ ಪೆಟ್ಟಿಗಿ ಏನ್ ತಪ್ಪು ಮಾಡೈತಿ ತಂಗಿ?"

ಮೆಹರಬಾನು ಪರದೆಯ ನೆಟ್ಟಗಿನ ಗೆರೆಯನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ಬಸಲಿಂಗಮ್ಮನವರ ಹತ್ತಿರಕ್ಕೆ ಎಳೆದುಕೊಂಡಳು.

"ಮುಂಚೆ ಇವರು ಓದುವಾಗ ನಡಿ ಎಲ್ಲೆಲ್ಲಿ ಬದಲಾಗ್ತಿತ್ತು, ಹೇಳತೀರೇನ್ರಿ?"

"ಹೇಳಾಕ ಬರಂಗಿಲ್ಲ. ಓದಿದ್ರ ಅಲ್ಲಲ್ಲೇ ಗೊತ್ತಾಗ್ತೈತಿ."

"ಹಂಗಾರ ಈ ಗದ್ದುಗಿ ಬ್ಯಾಡ. ಇದು ಕಾಯಾಕ ಹೊತ್ತು, ಆರಾಕ ಹೊತ್ತು." ಅವಳು ಎದ್ದು ಅತ್ತಿತ್ತ ನಡೆದಳು. "ಅಂಗಾಲು, ಅಂಗೈಯಾಗ ರಕ್ತ ತೊಗಲಿಗೆ ಹತ್ತಿರ ಹರೀತೈತಿ. ಅಲ್ಲಿ ಕಾವು ಕೊಟ್ರ ಮೈಗೆ ಲಗೂನ ಏರ್ತೈತಿ. ಹಿಂಗತ್ತಿಗೆ ಒದ್ದಿ ಗಾಳಿ ಬೀಸಿದ್ರ ಲಗೂನ ಇಳೀತೈತಿ. ಓತಿಕ್ಯಾತ ಬಂಡಿ ಮ್ಯಾಲೆ ಮಾಡೂದೂ ಅದ. ಆದರ ಬಿಸಲು ಯಾವುದು, ನೆರಳು ಯಾವುದು, ಯಾವಾಗ ಅಂತ ನೋಡಾಕ ಒಬ್ಬರು ಬೇಕು."

"ಒಂದು ಶಗಡಿ ಕೆಂಡ, ಒಂದು ಲಾವಂಚದ ಬೀಸಣಿಗಿ," ಎಂದರು ಬಸಲಿಂಗಮ್ಮ. "ಅಷ್ಟ ಅಲ್ಲೇನ?"

"ಅಷ್ಟ."

"ಇದಕ್ಕ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ರೇನ?"

ಇಬ್ಬರೂ ನಕ್ಕರು. ಗದ್ದುಗೆಯ ಮೇಲಿದ್ದ ರಾಚಯ್ಯನವರು, ಒಂದೇ ಕಾವಿನಲ್ಲಿ, ಇವರು ಯಾಕೆ ನಗುತ್ತಿದ್ದಾರೆಂದು ನೋಡಿದರು.

ಮಂಗಲದ ಸಂಜೆ ಮಳೆ ಸುರಿಯುತ್ತಿತ್ತು. ಮಠದ ಪಡಸಾಲೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಪೆಟ್ಟಿಗೆಯನ್ನೂ ತಂದು, ಹೂ ಹಾಕಿ, ಪಕ್ಕದಲ್ಲೇ ಕೂಡಿಸಿದ್ದರು. ರಾಚಯ್ಯನವರ ಕಾಲ ಬಳಿ ಶಗಡಿ ಇಟ್ಟುಕೊಂಡು ಬಸಲಿಂಗಮ್ಮ ಕಟ್ಟೆ ಏರಿ ಕುಳಿತಾಗ ಮುರಿಗೆಪ್ಪನವರು ಮುಂದೆ ಬಂದರು.

"ಹೆಣ್ಮಕ್ಕಳು ಕಟ್ಟಿ ಮ್ಯಾಲೆ ಕುಂದ್ರೂ ಪದ್ಧತಿ ಇಲ್ರಿ ಅಮ್ಮಾರ."

"ಇವರು ಕುಂತಿಲ್ರಿ ಸಾವಕಾರ್ರ," ಎಂದಳು ಮೆಹರಬಾನು, ಇಕ್ಕಳದಲ್ಲಿ ಕೆಂಡ ತುಂಬುತ್ತ. "ಇವರು ಸಂಶೋಧನಾಲಯದ ಉಪಕರಣ. ನಿಮ್ಮ ಪೆಟ್ಟಿಗಿ ಕುಂತೈತಲ್ಲ, ಹಂಗ."

ಉಪಕರಣವು ಸೆರಗು ಸರಿಮಾಡಿಕೊಂಡು ಸಾವಕಾರರನ್ನು ನೋಡಿತು. ಸಾವಕಾರರು ಹೋಗಿ ತಮ್ಮ ಜಾಗದಲ್ಲಿ ಕುಳಿತರು.

ಶಗಡಿ ಅಂಗಾಲಿಗೆ ಹತ್ತಿರ ಬಂತು. ರಾಚಯ್ಯನವರಿಗೆ ಜನರ ಗುಜುಗುಜು ತಿಳಿಯಾಗಿ, ಮಾತು ಮಾತಾಗಿ ಕೇಳತೊಡಗಿತು. ಎತ್ತಿಕೊಂಡರು. ಎಂದಿನಂತೆಯೇ ಓದುತ್ತಿದ್ದೇನೆ ಎಂದು ಅವರಿಗನ್ನಿಸಿತು. ಆ ಅನ್ನಿಸಿಕೆಯನ್ನು ಅವರು ಇಂದು ನಂಬಲಿಲ್ಲ. ನಂಬುವ ಕೆಲಸವನ್ನು ಕಾಲ ಬಳಿ ಕುಳಿತವರಿಗೆ ಬಿಟ್ಟಿದ್ದರು.

ದಂಡು ಗುಡ್ಡ ಏರುವಲ್ಲಿ ಬಸಲಿಂಗಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ಮೆಹರಬಾನು ಕೆಂಡ ಊದಿದಳು. ಓದು ಕುದುರೆಯಾಯಿತು. ಮಾನಪ್ಪ ಬಾತ ಬೆರಳನ್ನು ಮರೆತು ಬಾರಿಸಿದ. ಹಳ್ಳಿಯವರು ಮೊಣಕಾಲ ಮೇಲೆದ್ದು ನಿಂತರು. ಅರಸ ಕತ್ತಿ ಎಸೆದು ಕೈ ಮುಗಿಯುವಲ್ಲಿ ಶಗಡಿ ಗೇಣು ಹಿಂದೆ ಸರಿಯಿತು, ಬೀಸಣಿಗೆ ಒಮ್ಮೆ ಆಡಿತು. ಕುದುರೆ ನಡಿಗೆಗೆ ಬಂತು. ಒಂದು ಕಡೆ ಬಸಲಿಂಗಮ್ಮನವರಿಗೆ ಸೀನು ಬಂದು ಬೀಸಣಿಗೆ ತಪ್ಪಿತು. ಸ್ವರ್ಗದಲ್ಲಿ ಹೂ ಸುರಿಸುತ್ತಿದ್ದ ದೇವತೆಗಳು ಒಂದೆರಡು ಬುಟ್ಟಿ ಅವಸರದಲ್ಲಿ ಸುರಿದುಬಿಟ್ಟರು. ಯಾರೂ ಗಮನಿಸಲಿಲ್ಲ.

ಕೊನೆಯ ಸಂಧಿ ಬಂತು. ಮರಿಸ್ವಾಮಿ ಗುಡ್ಡದಲ್ಲೇ ಐಕ್ಯನಾಗಿದ್ದಾನೆ. ಊರಲ್ಲಿ ಅವನ ತಾಯಿಗೆ ಅದು ತಿಳಿಯದು. ಬಸಲಿಂಗಮ್ಮ ಶಗಡಿಯನ್ನು ಪೂರ್ತಿ ಆಚೆ ತಳ್ಳಿದರು. ಲಾವಂಚದ ಬೀಸಣಿಗೆಯನ್ನು ನೀರಲ್ಲಿ ಅದ್ದಿ ಗಂಡನ ಹಿಂಗತ್ತಿಗೆ ಮೆಲ್ಲಗೆ, ಬಹಳ ಮೆಲ್ಲಗೆ ಬೀಸತೊಡಗಿದರು.

*ಮಳೆಯ ರಾತ್ರಿಯೊಳಬಲೆ ಕದವನು*
*ಗಳಿಗೆ ಗಳಿಗೆಗು ತೆರೆದು ನೋಡುತ*
*ಬಳಲಿದಳು ಮಗನಡಿಯ ಸಪ್ಪಳವಿನ್ನು ಬರದೆಂದು*

ಪದ ಪದಕ್ಕೂ ನಡುವೆ ಜಾಗ ಬಿತ್ತು. ಆ ಜಾಗದಲ್ಲಿ ಹೊರಗಿನ ಮಳೆ ಕೇಳಿಸಿತು. 'ತೆರೆದು' ಎಂದಾಗ ಜನ ಬಾಗಿಲ ಕಡೆ ನೋಡಿದರು. 'ಸಪ್ಪಳ' ಎಂಬುದು ಬಂದ ಮೇಲೆ, 'ಬರದೆಂದು' ಎಂಬುದು ಬರುವವರೆಗೆ, ಪಡಸಾಲೆ ತುಂಬಿದ ಅಷ್ಟೂ ಜನ ಕಾದರು, ಆ ತಾಯಿ ಕಾದಂತೆ.

ರಾಚಯ್ಯನವರು ತಣ್ಣಗಾಗುತ್ತಿದ್ದರು. ತಣ್ಣಗಾದಾಗ ಏನು ಕಾಣುತ್ತದೆಂದು ಅವರಿಗೀಗ ಗೊತ್ತಿತ್ತು: ಎಲ್ಲರೂ ಜೀರುಂಡೆಗಳಾಗುತ್ತಾರೆ, ಕೆಮ್ಮುತ್ತಾರೆ, ಕದಲುತ್ತಾರೆ, ಎದ್ದು ಓಡುತ್ತಾರೆ. ಅದಕ್ಕಾಗಿ ಮನಸ್ಸು ಗಟ್ಟಿಮಾಡಿಕೊಂಡು ಕಣ್ಣೆತ್ತಿದರು. ಮಳೆ ಅವಸರದಲ್ಲಿತ್ತು. ದೀಪದ ಕುಡಿ ಪಟಪಟನೆ ನಡುಗುತ್ತಿತ್ತು. ಆದರೆ ಜನ ಕದಲಲಿಲ್ಲ. ಒಬ್ಬರ ಕಣ್ಣೂ ಪಿಳುಕಲಿಲ್ಲ. ಆ ತಣ್ಣನೆಯ ಜಾಗಕ್ಕೆ ಊರಿಗೆ ಊರೇ ಅವರ ಜೊತೆ ಬಂದು ಕುಳಿತಿತ್ತು.

ಮಂಗಲವಾಯಿತು. ಬಹಳ ಹೊತ್ತಿನ ಮೇಲೆ ಮೊದಲು ಕದಲಿದವರು ಮುರಿಗೆಪ್ಪನವರು. ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಒಂದು ರೇಶಿಮೆ ಶಾಲು ಬಿಚ್ಚಿ ಹಿಡಿದು ಕಟ್ಟೆ ಏರಿದರು.

"ಶಾಲು ಬ್ಯಾಡ್ರಿ ಸಾವಕಾರ್ರ," ಎಂದರು ಬಸಲಿಂಗಮ್ಮ. "ಅವರು ಈಗಾಗಲೇ ಗಡ್ಡೆಗಟ್ಟ್ಯಾರ. ಆ ಶಗಡಿ ಈಚೆ ನೂಕ್ರಿ."

ಸಾವಕಾರರು ಶಗಡಿ ನೂಕಿದರು. ಕೈಯಲ್ಲಿ ಉಳಿದ ಶಾಲನ್ನು ಏನು ಮಾಡುವುದೆಂದು ತಿಳಿಯದೆ ಪೆಟ್ಟಿಗೆಗೆ ಹೊದಿಸಿದರು. ಪೆಟ್ಟಿಗೆ ಆ ಶಾಲು ಹೊದ್ದೇ ಮರುವಾರ ಹುಬ್ಬಳ್ಳಿಯ ಬಸ್ಸು ಹತ್ತಿತು.

ಸೂಜಿಯ ಗುಣ ಇಳಿದ ದಿನ ಬಸಲಿಂಗಮ್ಮನವರಿಗೆ ಅಡುಗೆಮನೆಯಿಂದ ಕಟಕು ರೊಟ್ಟಿ ಮುರಿಯುವ ಸದ್ದು ಕೇಳಿಸಿತು.

"ಹೆಗ್ಗಣ ಬಂದೈತೇನ್ರಿ?"

"ಹೂಂ. ತಿಂಗಳ ಉಪಾಸಿ," ಎಂದಿತು ಹೆಗ್ಗಣ.

ಮುಂದಿನ ಶ್ರಾವಣದಲ್ಲಿ ರಾಚಯ್ಯನವರು ಸೂಜಿಯಿಲ್ಲದೆ, ಸ್ವಂತ ಒಲೆಯ ಬಿಸಿರಕ್ತದಲ್ಲೇ ಕಟ್ಟೆ ಏರಿದರು. ಉಪವಾಸ ಎಂದಿನಂತೆ ಮೂರನೆಯ ದಿನಕ್ಕೆ ಮುರಿಯಿತು. ಈ ಸಲ ಅವರು ಅದನ್ನು ಕತ್ತಲಲ್ಲಿ ಮುರಿಯಲಿಲ್ಲ, ಹೆಂಡತಿಯ ಎದುರಿಗೇ ಕುಳಿತು ಮುರಿದರು. ಕಟ್ಟೆಯ ಮೇಲೆ ಬಸಲಿಂಗಮ್ಮನವರ ಚಾಪೆಯೂ ಇತ್ತು, ಬೀಸಣಿಗೆಯೂ ಇತ್ತು. ಯಾರೂ ತೆಗೆಯಲು ಹೇಳಲಿಲ್ಲ, ಅವರೂ ತೆಗೆಯಲಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತ ಮೆಹರಬಾನು ತನ್ನ ಉಷ್ಣಮಾಪಕವನ್ನು ಅಯ್ಯನವರತ್ತ ಹಿಡಿದು ನೋಡಿದಳು. ಬೀಸಣಿಗೆ ಆಡಿದಾಗ ಮೈಯ ಕಾವು ಕೂದಲೆಳೆಯಷ್ಟೂ ಇಳಿಯಲಿಲ್ಲ. ಓದು ಮಾತ್ರ ಇಳಿಯಿತು. ತಾಯಿ ಬಾಗಿಲು ತೆರೆದು ನೋಡುವಲ್ಲಿ, ಪದ ಪದಕ್ಕೂ ನಡುವೆ, ಅಷ್ಟೇ ಜಾಗ ಬಿತ್ತು.

ಯಂತ್ರ ಕೆಟ್ಟಿದೆಯೇನೋ ಎಂದು ಅವಳು ಅದನ್ನೊಮ್ಮೆ ಅಂಗೈಗೆ ತಟ್ಟಿದಳು. ಆಮೇಲೆ ಚೀಲದೊಳಗಿಟ್ಟು, ಕೈ ಕಟ್ಟಿ, ಪುರಾಣ ಕೇಳುತ್ತ ಕುಳಿತಳು.